ಗಂಡೆಂದು ತಂದ ಮೊಲದ ಮರಿಗಳು

ನಗೆಯ ಪ್ರಸಂಗಗಳು ನಮ್ಮ ಮನೆಗೆ ಬರುವುದು ನಾವು ನಗುವ ಸ್ಥಿತಿಯಲ್ಲಿ ಇಲ್ಲದಾಗಲೇ. ನಾನು ವಿಜಯಪುರದ ಕಡೆಯವನು. ಗೋರೆಗಾಂವ್‌ನ ಚಾಳಿನಲ್ಲಿ ವಾಸ, ಶೂಟಿಂಗ್‌ನವರ ಬಟ್ಟೆ ಹೊಲಿಯುವುದು ಕೆಲಸ. ಹೋದ ವರ್ಷ ಹೆಂಡತಿಯ ಹೊಟ್ಟೆಯಲ್ಲೇ ಕೂಸು ಹೋಯಿತು. ಆಸ್ಪತ್ರೆಯಿಂದ ಬಂದವಳು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ನಾನು ಮಷೀನ್ ತುಳಿಯುತ್ತಿದ್ದೆ. ಮನೆಯಲ್ಲಿ ಅದೊಂದೇ ಸದ್ದು.

ಅಲ್ಲಾಡುವ ಕಾಲರ್

ಆಗಲೇ ಒಂದು ಸಾಬೂನಿನ ಜಾಹೀರಾತಿಗೆ ಬಿಳಿ ಮೊಲ ತರಿಸಿದ್ದರು. ಶೂಟಿಂಗ್ ಮುಗಿದ ಮೇಲೆ ಅದು ಯಾರಿಗೂ ಬೇಡವಾಯಿತು. ಮ್ಯಾನೇಜರ್ ನನ್ನ ಬಟ್ಟೆ ಚೀಲಕ್ಕೇ ಅದನ್ನು ಹಾಕಿ, "ಮಾಸ್ಟರ್‌ಜಿ, ಲೇ ಜಾವ್. ನರ್ ಹೈ, ಕೋಯಿ ಟೆನ್ಶನ್ ನಹಿ" ಅಂದ, ಗಂಡು ಮೊಲ, ಚಿಂತೆಯಿಲ್ಲ ಅಂತ.

ಬಸ್ಸಿನಲ್ಲಿ ಪಕ್ಕದವನು ಬಹಳ ಹೊತ್ತು ನನ್ನ ಚೀಲದಿಂದ ಇಣುಕುವ ಬಿಳಿ ತುಪ್ಪಳವನ್ನೇ ನೋಡಿ, "ಭಾಯಿಸಾಬ್, ನಿಮ್ಮ ಕೋಟಿನ ಕಾಲರ್ ಅಲ್ಲಾಡ್ತಾ ಇದೆ" ಅಂದು ಎದ್ದು ಬೇರೆ ಸೀಟಿಗೆ ಹೋದ.

ಮನೆಯಲ್ಲಿ ನಮ್ಮದು ದಖನಿ ಉರ್ದು ಮಾತು. ಸಿಟ್ಟು ಬಂದರೆ ಮಾತ್ರ ಹೆಂಡತಿಗೆ ಕನ್ನಡ. ಮೊಲವನ್ನು ಕಂಡು ಎಷ್ಟೋ ದಿನದ ಮೇಲೆ ಬಾಯಿಬಿಟ್ಟಳು: "ಇದನ್ನ ಯಾಕ ತಂದ್ರಿ? ಕೊಯ್ಯಾಕೇನು?"

"ಇಲ್ಲ, ಸಾಕಾಕ."

"ನನ್ನ ಸಾಕೋದ ನಿಮಗ ಸಾಕಾಗೈತಿ" ಅಂದು ಮತ್ತೆ ಗೋಡೆಗೆ ತಿರುಗಿದಳು. ಕನ್ನಡ ಬಂತಲ್ಲ, ಅಷ್ಟಕ್ಕೇ ನನಗೆ ಸಂತೋಷವಾಯಿತು.

ಗ್ಯಾಸು

ಮೊಲ ದಿನೇದಿನೇ ದಪ್ಪಗಾಯಿತು. ಆಮೇಲೆ ನಾನು ಹೊಲಿಯುತ್ತಿದ್ದ ಶೇರ್ವಾನಿಯ ಒಳಪದರದ ಅಸ್ತರಿನ ಚೂರುಗಳನ್ನು ಬಾಯಲ್ಲಿ ಕಚ್ಚಿಕೊಂಡು ಮಷೀನಿನ ಕೆಳಗೆ ಗುಡ್ಡೆ ಹಾಕತೊಡಗಿತು. ಒಂದು ದಿನ ತನ್ನ ಎದೆಯ ಕೂದಲನ್ನೇ ಕಿತ್ತುಕೊಳ್ಳುತ್ತಿತ್ತು. ಚರ್ಮರೋಗ ಇರಬೇಕೆಂದು ಪ್ರಾಣಿಗಳ ಡಾಕ್ಟರ ಹತ್ತಿರ ಎತ್ತಿಕೊಂಡು ಓಡಿದೆ. ಅವರು ಹೊಟ್ಟೆ ಮುಟ್ಟಿ ನೋಡಿ, "ಗೂಡು ಕಟ್ತಾ ಇದೆ ಕಣ್ರೀ, ಬಸುರಿ. ಮೊಲಕ್ಕೆ ಬಸಿರು ಒಂದೇ ತಿಂಗಳು. ಇವತ್ತೋ ನಾಳೆಯೋ ಹೆರುತ್ತೆ" ಅಂದರು.

"ಡಾಕ್ಟರ್ ಸಾಬ್, ಇದು ಗಂಡು."

ಅವರು ಕನ್ನಡಕ ತೆಗೆದರು. "ಹಾಗಾದರೆ ಪೇಪರಿನವರಿಗೆ ಫೋನ್ ಮಾಡೋಣ."

ನಗಲಿಲ್ಲ ನಾನು. ಬಸಿರು ಅನ್ನೋ ಮಾತನ್ನು ಆ ಮನೆಯೊಳಗೆ ಹೇಗೆ ಒಯ್ಯುವುದು? ದಾರಿಯುದ್ದಕ್ಕೂ ಯೋಚಿಸಿ, ಹೆಂಡತಿ ಕೇಳಿದಾಗ "ಗ್ಯಾಸ್ ಆಗೈತಂತ" ಅಂದೆ.

ಬೆಳಿಗ್ಗೆ ಎದ್ದು ನೋಡಿದರೆ ಅವಳು ಮಷೀನಿನ ಮುಂದೆ ಕೂತಿದ್ದಾಳೆ. ಅಸ್ತರು, ಕೂದಲುಗಳ ನಡುವೆ ಕೆಂಪಗೆ ಐದು ಮರಿ. ಒಂದು ಮಿಸುಕುತ್ತಿರಲಿಲ್ಲ. ನಾನು ಕೈ ಹಾಕುವ ಮೊದಲೇ ಅವಳು ಅದನ್ನು ಸ್ಯಾಟಿನ್ ತುಂಡಿನಲ್ಲಿ ಸುತ್ತಿ, ಪುದೀನದ ಕುಂಡದಲ್ಲಿ ಮಣ್ಣು ಮಾಡಿ ಬಂದಳು. ಬಹಳ ಹೊತ್ತು ಕೈ ತೊಳೆದಳು. ಆಮೇಲೆ ಅಂದಳು: "ನಿಮ್ಮ ಗ್ಯಾಸು ಇನ್ನೂ ಕಣ್ಣು ಬಿಟ್ಟಿಲ್ಲ ನೋಡ್ರಿ. ಗದ್ದಲ ಮಾಡಬ್ಯಾಡ್ರಿ."

ಎಂಥಾ ತಾಯಿ

ತಾಯಿ ಮೊಲ ಮರಿಗಳ ಹತ್ತಿರ ಕೂರಲೇ ಇಲ್ಲ. ಪಕ್ಕದ ಖೋಲಿಯ ಮರಾಠಿ ಆಜಿ ಗಲ್ಲಕ್ಕೆ ಕೈಯಿಟ್ಟು, "ಕಸಲೀ ಆಯಿ ಗ ಹೀ!" ಅಂದಳು, ಎಂಥಾ ತಾಯಿ ಇದು ಅಂತ. ಹೆಂಡತಿ ಬಿಳಿಚಿಕೊಂಡಳು. ನನ್ನ ಫೋನ್ ಕಸಿದು ತಾನೇ ಡಾಕ್ಟರಿಗೆ ಹಚ್ಚಿದಳು. ಮೊಲಗಳ ರೀತಿಯೇ ಅದು, ದಿನಕ್ಕೆ ಒಂದೆರಡು ಸಲ ಬಂದು ಹಾಲು ಕೊಟ್ಟು ದೂರ ಹೋಗುತ್ತವೆ, ಮರಿಗಳ ಹೊಟ್ಟೆ ತುಂಬಿದ್ದರೆ ಚಿಂತೆ ಬೇಡ ಅಂದರು.

ಈ ಆಜಿ ನಮಗೆ ಸಮಾಧಾನ ಹೇಳಲೆಂದು ದಿನಾ ಬಂದು ಮಧ್ಯಾಹ್ನವೆಲ್ಲ ಕೂರುತ್ತಿದ್ದವಳು. ಹೆಂಡತಿ ಅವಳ ಕಡೆ ತಿರುಗಿ ಅಚ್ಚ ಕನ್ನಡದಲ್ಲಿ ಅಂದಳು: "ಬರ್ತಾಳ, ಕೆಲಸ ಮುಗಸ್ತಾಳ, ಐದು ನಿಮಿಷಕ್ಕ ಎದ್ದು ಹೋಗ್ತಾಳ. ದುಃಖದ ಮನಿಗೆ ಬರೋ ಮಂದಿ ಇದನ್ನ ನೋಡಿ ಕಲೀಬೇಕು."

ಕನ್ನಡ ಬಾರದ ಆಜಿ, "ಬರೋಬರ್, ಅಗ್ದಿ ಬರೋಬರ್" ಎಂದು ತಲೆಯಾಡಿಸಿ ಇನ್ನೊಂದು ಕಪ್ ಚಹಾ ಕೇಳಿದಳು.

ಮಮ್ಮಿ

ಮರಿಗಳು ಕಣ್ಣು ಬಿಟ್ಟು ಕುಪ್ಪಳಿಸತೊಡಗಿದ್ದೇ ತಡ, ಚಾಳಿಗೆ ಚಾಳೇ ಬಾಗಿಲಲ್ಲಿ ನಿಂತಿತು. ನಮಗೊಂದು, ನಮಗೊಂದು. ಹೆಂಡತಿಯದು ಒಂದೇ ಉತ್ತರ: "ಇನ್ನೂ ಹಾಲು ಕುಡೀತಾವ. ಎರಡು ತಿಂಗಳ ತುಂಬಬೇಕು."

ಸುದ್ದಿ ಕೇಳಿ ಆ ಮ್ಯಾನೇಜರ್ ಕಾರಿನಲ್ಲೇ ಬಂದ. ಮತ್ತೊಂದು ಜಾಹೀರಾತಿಗೆ ಅಂಗೈಯಗಲದ ಮರಿ ಬೇಕಂತೆ. "ಭಾಭಿ, ದೊಡ್ಡದಾದ ಮೇಲೆ ಕ್ಯಾಮೆರಾಗೆ ಮಜಾ ಬರಲ್ಲ" ಅಂದ.

"ಹಾಲು ಬಿಡೋಕಿಂತ ಮೊದಲ ಅವ್ವನ ಕಡಿಂದ ಕಿತ್ತರ ಸಾಯ್ತಾವ. ನಿಮ್ಮ ಹೀರೋನ ಅವರವ್ವನಿಂದ ಯಾವಾಗ ಬಿಡಿಸಿದ್ರಿ?" ಅಂದಳು.

ಮ್ಯಾನೇಜರ್ ನಿಟ್ಟುಸಿರು ಬಿಟ್ಟ. "ಎಲ್ಲಿ ಬಿಡಿಸೋದು ಭಾಭಿ, ಮಮ್ಮಿ ಇವತ್ತೂ ಸೆಟ್ಟಿಗೆ ಬಂದು ತುತ್ತು ತಿನ್ನಿಸ್ತಾರೆ."

ಘಾಟ್ಕೋಪರ್

ಎರಡು ತಿಂಗಳು ತುಂಬಿತು. ಮರಿಗಳು ಹುಲ್ಲು, ಸೊಪ್ಪು ತಿನ್ನುತ್ತಿದ್ದವು. ಹೆಂಡತಿ ಒಬ್ಬೊಬ್ಬರನ್ನೂ ವಿಚಾರಿಸಿ ಮೂರನ್ನು ಕೊಟ್ಟಳು. ಕೊಟ್ಟ ದಿನವೆಲ್ಲ ಊಟ ಮಾಡಲಿಲ್ಲ. ನಾಲ್ಕನೆಯದಕ್ಕೆ ಘಾಟ್ಕೋಪರಿನಿಂದ ಬ್ಯಾಂಕಿನ ಸಾಹೇಬರೊಬ್ಬರು ಹೆಂಡತಿಯೊಡನೆ ಬಂದರು. ಮೈಸೂರಿನವರು. ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಮಾತಿಗೆ ಕೇಳಿದರು: "ನಿಮಗೆ ಎಷ್ಟು ಮಕ್ಕಳಮ್ಮಾ?"

ನನ್ನ ಮಷೀನ್ ನಿಂತಿತು.

"ಐದು" ಅಂದಳು. "ಒಂದು ಹುಟ್ಟೂತ್ಲೆ ಹೋತ್ರಿ. ಮೂರನ್ನ ಕೊಟ್ಟೇನಿ."

"ಕೊಟ್ಟಿದೀರಾ? ಎಷ್ಟು ವಯಸ್ಸಿಗೆ?"

"ಎರಡು ತಿಂಗಳಿಗೆ, ಹಾಲು ಬಿಟ್ಟಮ್ಯಾಲೆ. ಒಂದು ಕಿರಾಣಿ ಅಂಗಡಿಯವರ ಮನಿಯೊಳಗ ಐತಿ. ಗಜ್ಜರಿ ತಿಂದುಕೊಂಡು ಆರಾಮ ಐತಿ."

ಸಾಹೇಬರು ಬಿಳಿಚಿಕೊಂಡರು. ಅವರ ಹೆಂಡತಿ ಕಣ್ಣಲ್ಲಿ ನೀರು ತಂದುಕೊಂಡು ಇವಳ ಕೈ ಹಿಡಿದು, "ಅಯ್ಯೋ, ಎಷ್ಟೇ ಕಷ್ಟ ಇದ್ರೂ ಹೆತ್ತ ಮಕ್ಕಳನ್ನ ಕೊಡೋದೇನಮ್ಮಾ!" ಅಂದರು. "ಮೊಲ್ರೀ, ಮೊಲದ ಮರಿ!" ಅಂತ ನಾನು ಕೂಗಿದೆ. ನನ್ನ ಹೆಂಡತಿ ನಗತೊಡಗಿದಳು. ನೆಲಕ್ಕೆ ಕೂತು ನಕ್ಕಳು. ನಗುತ್ತಲೇ ಅದು ಅಳುವಾಯಿತು. ಸಾಹೇಬರ ಹೆಂಡತಿ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟರು.

ಇಷ್ಟರಲ್ಲಿ ಮರಿ ಸಾಹೇಬರ ಪ್ಯಾಂಟು ತೋಯಿಸಿತ್ತು. "ಮಾಸ್ಟರ್, ಬೇರೆ ಏನಾದ್ರೂ ಇದೆಯಾ?" ಎಂದು ಪಿಸುಗುಟ್ಟಿದರು. ಅವರ ಸೊಂಟಕ್ಕೆ ಆಗುವಂಥದ್ದು ಒಂದೇ ಇತ್ತು: ಯಾವುದೋ ಸೀರಿಯಲ್ಲಿನ ಮಹಾರಾಜನ ಜರಿಯ ಪೈಜಾಮ. ಅದನ್ನೇ ತೊಟ್ಟು, ಮೇಲೆ ಬ್ಯಾಂಕಿನ ಶರ್ಟು, ಕೈಯಲ್ಲಿ ಮೊಲ ಹಿಡಿದು ಚಾಳಿನ ಮೆಟ್ಟಿಲು ಇಳಿದರು. ನನ್ನ ಹೆಂಡತಿ ಕಣ್ಣೊರೆಸಿಕೊಳ್ಳುತ್ತ ಮೇಲಿನ ಕಟಾಂಜನದಿಂದ ಬಗ್ಗಿ ನೋಡಿದಳು.

ಕೆಳಗೆ ಆಜಿ ದಾರಿಗೆ ಅಡ್ಡ ನಿಂತು ಭಕ್ತಿಯಿಂದ ಕೇಳಿದಳು: "ಸಾಹೇಬ್, ಶೂಟಿಂಗ್ ಕುಠೇ ಆಹೆ?" ಎಲ್ಲಿ ಶೂಟಿಂಗ್ ಅಂತ.

ಸಾಹೇಬರು ತಲೆ ತಗ್ಗಿಸಿ ಅಂದರು: "ಘಾಟ್ಕೋಪರ್."