ಭಾನುವಾರದ ಹಾಲು

ಮನೆಯಲ್ಲೊಬ್ಬರು ಓದಲಿ ಎಂದು ಆಸೆಪಡುವುದು ಸುಲಭ; ಅವರು ಓದುವಷ್ಟು ಹೊತ್ತು ಅವರ ಕೆಲಸ ಮಾಡಿಕೊಡುವುದು ಕಷ್ಟ. ಭಾನುವಾರ ಸಂಜೆ ಹಸುವಿನ ಹಾಲು ನಾನು ಕರೆಯುತ್ತೇನೆಂದು ತಂಗಿಗೆ ಮಾತು ಕೊಟ್ಟೆ. ಒಂದು ಭಾನುವಾರವೂ ಕರೆಯಲಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು, ಅದರಲ್ಲೂ ಆರನೆಯದನ್ನು ಎರಡು ಸಲ. ತಂಗಿ ಸುನಂದಾ ಹಾಗಲ್ಲ. ಇಲ್ಲೇ ಕೆರಗೋಡಿನ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಲೇ ದೂರಶಿಕ್ಷಣದಲ್ಲಿ ಚರಿತ್ರೆ ಎಂ.ಎ. ಕಟ್ಟಿದ್ದಳು. ಮುಂದೆ ಮಳವಳ್ಳಿ ಕಡೆ ಯಾವುದಾದರೂ ಕಾಲೇಜಿನಲ್ಲಿ ಪಾಠ ಹೇಳಬೇಕೆಂಬುದು ಅವಳ ಹಟ. ಭಾನುವಾರ ಮಂಡ್ಯದಲ್ಲಿ ತರಗತಿ. ಹಾಜರಾತಿ ಕಮ್ಮಿಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ.

ನಮ್ಮ ಸೀಮೆ ಹಸುವಿಗೆ ಒಂದು ವಿಚಿತ್ರ ಅಭ್ಯಾಸ. ಸುನಂದಾ ಹಾಲು ಕರೆಯುವಾಗಲೇ ಪಾಠ ಉರು ಹೊಡೆಯುವವಳು. ಗಂಗರು, ಹೊಯ್ಸಳರು ಕಿವಿಗೆ ಬಿದ್ದ ಮೇಲೇ ಆ ಹಸು ಸೊರೆ ಬಿಟ್ಟು ಕೆಚ್ಚಲಿಗೆ ಹಾಲಿಳಿಸುತ್ತಿತ್ತು. ಮೊದಲ ಭಾನುವಾರ ಹಸುವನ್ನು ಯಾಮಾರಿಸಲು ಗಂಡಸಾದ ನಾನು ಅವಳ ನೈಟಿ ತೊಟ್ಟು, ಉಸಿರು ಬಿಗಿಹಿಡಿದು ಕುಳಿತೆ. ಹಸು ತಿರುಗಿ ಒಮ್ಮೆ ನೋಡಿತು, ಒದೆಯಿತು. ಅಲ್ಲಿಗೆ ನನ್ನ ಪ್ರಯತ್ನ ಮುಗಿಯಿತು. ಆಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ಅವಳಿಗೆ ನನ್ನ ಫೋನು: “ಹಸ ಮೇವು ಮುಟ್ಟಿಲ್ಲ ಕಣವ್ವ, ಬೇಗ ಬಂದ್ಬುಡು.” ಹಸು ನನ್ನೆದುರೇ ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು. ಪಾಪ, ಅವಳು ಅರ್ಧ ಪಾಠ ಬಿಟ್ಟು ಬಸ್ಸು ಹತ್ತಿ ಬರುತ್ತಿದ್ದಳು.

ಕೊನೆಗೆ ಹಾಜರಾತಿ ಸಾಲದೆಂದು ಅವಳನ್ನು ಪರೀಕ್ಷೆಗೆ ಕೂರಿಸಲಿಲ್ಲ. ಅವಳು ಅಳಲಿಲ್ಲ. “ಮತ್ತೆ ಕಟ್ತೀನಿ ಬುಡಣ್ಣ. ಹಸಕ್ಕೆ ಉಸಾರಿಲ್ದಿದ್ರೆ ನೀನೇನ್ ಮಾಡೀಯೆ?” ಎಂದಳು. ಹಸುವಿನ ಒದೆಗಿಂತ ಜೋರಾಗಿ ಬಿದ್ದದ್ದು ಈ ಮಾತು.

ಮರುದಿನವೇ ಅವಳ ನೋಟ್ಸು ಹಿಡಿದು ಕೊಟ್ಟಿಗೆಗೆ ಹೋದೆ. ಕಾಗುಣಿತ ಕೂಡಿಸಿ ಕೂಡಿಸಿ ಓದಿದೆ. ಮೂರು ದಿನ ಒದೆ ತಿಂದೆ, ಏಳಲಿಲ್ಲ. ನಾಲ್ಕನೆಯ ದಿನ, ನನ್ನ ಓದು ತಡೆಯಲಾರದೆಯೋ ಏನೋ, ಹಸು ಸೊರೆ ಬಿಟ್ಟಿತು.

ಬಾಗಿಲಲ್ಲಿ ಸುನಂದಾ ನಿಂತಿದ್ದಳು. “ಇಂಗ್ ಓದುದ್ರೆ ಹೊಯ್ಸಳರು ಪಟ್ಟಕ್ಕೆ ಬರೋದ್ರೊಳಗೆ ಡೈರಿ ಬಾಗ್ಲು ಹಾಕ್ತಾರೆ ಕಣಣ್ಣ,” ಎಂದು ನಕ್ಕಳು. ಆಮೇಲೆ ನಗು ನಿಂತಿತು. “ಅಲ್ಲಾ, ಇಷ್ಟು ದಿನ ಯಾಕ್ ಕರೀನಿಲ್ಲ?”

ಅವಳ ಮುಖ ನೋಡುವ ಧೈರ್ಯವಿಲ್ಲದೆ ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡೆ, ಆದರೆ ಅವಳಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ: “ಹಸಕ್ಕೆ ಏನೂ ಆಗಿರ್ನಿಲ್ಲ ಕಣವ್ವ. ಒದೆಗೆ ಹೆದ್ರುಕೊಂಡು ಸುಳ್ಳೇಳ್ದೆ. ನಿನ್ನ ಒಂದ್ ವರ್ಸ ನಾನೇ ಹಾಳ್ಮಾಡ್ದೆ. ತಪ್ಪಾಯ್ತು.”