ಅತ್ತೆಯ ತುಟಿ ಮತ್ತು ನನ್ನ ಚೌಕಾಸಿ

ಒಂಬೈನೂರು ರೂಪಾಯಿ ಎಣಿಸಿ ಕೊಟ್ಟೆ, ಅದೂ ನಾಲ್ಕರಲ್ಲಿ ಒಂದಕ್ಕೆ! ಗೋಡಂಬಿ, ಬಾದಾಮಿ, ಅಕ್ರೋಟ, ಪಿಸ್ತಾ ಇವುಗಳಲ್ಲಿ ನನ್ನ ಸೋದರತ್ತೆಗೆ ಯಾವುದು ಆಗದು ಎಂದು ರಕ್ತ ನೋಡಿ ಹೇಳುವ ಪರೀಕ್ಷೆ. ಒಂದೊಂದಕ್ಕೂ ಬೇರೆ ದರ.

ಯಾಕೆ ಕೊಟ್ಟೆ ಅಂತೀರಾ? ಹುಮನಾಬಾದ ಸುತ್ತಲಿನ ಮದುವೆ ಊಟಗಳಿಗೆಲ್ಲ ಅತ್ತೆಯ ತುಟಿಯೇ ತಕ್ಕಡಿ! ಗೋಡಂಬಿ ತಿಂದರೆ ಆ ತುಟಿಗಳು ಊದುತ್ತಿದ್ದವು. ಆಕೆಯ ಲೆಕ್ಕದಲ್ಲಿ ಅದು ಕಾಯಿಲೆಯಲ್ಲ, ಮಾಲಿನ ಗುಣ. ಘಾಟಬೋರಾಳದ ಮದುವೆಯಿಂದ ಎರಡೂ ತುಟಿ ದಪ್ಪ ಮಾಡಿಕೊಂಡು ಬಂದವಳು, "ಹುಗ್ಗ್ಯಾಗ ಕೈಬಿಚ್ಚಿ ಹಾಕಿದ್ರು ನೋಡು!" ಎಂದು ಊರೆಲ್ಲ ಹೊಗಳಿದಳು. ರಾಜೇಶ್ವರದ ಮದುವೆಯಿಂದ ತೆಳು ತುಟಿಯಲ್ಲೇ ಮರಳಿದ್ದಕ್ಕೆ ಮದುವೆ ಮನೆಯವರ ಮಾನವೇ ಹೋಯಿತು. ಪಾಪ, ಮನೆತನಕ ಬಂದು, "ಅಕ್ಕಾರ, ಹಾಕೀವ್ರಿ, ನಿಮ್ಮ ತಾಟಿಗೆ ಬಂದಿಲ್ಲಷ್ಟ!" ಎಂದು ಗೋಗರೆದರು.

ಒಮ್ಮೆ ಹಾಗೆ ಉಂಡು ಬಂದಾಗ ಅತ್ತೆಗೆ ಉಸಿರೂ ಹಿಡಿಯಿತು. ಡಾಕ್ಟರು ನಾಲ್ಕೂ ಪರೀಕ್ಷೆ ಬರೆದುಕೊಟ್ಟರು.

ಸೈಕಲ್ ಮೇಲೆ ಪಾತ್ರೆ ಮಾರಿ ಬಸವಕಲ್ಯಾಣದಲ್ಲಿ ಸ್ವಂತ ಅಂಗಡಿ ಹಾಕಿದವನು ನಾನು. ಕೇಳಿದ ದರ ಕೊಡುತ್ತೇನೆಯೇ?

"ರಕ್ತ ಒಂದ, ಸೂಜಿ ಒಂದ, ರೊಕ್ಕ ನಾಕ ಸಲ ಯಾಕ್ರಿ?"

"ಸಾವಕಾರ್ರ, ರಕ್ತ ಹೈದರಾಬಾದಿಗೆ ಹೋಗ್ತದ," ಎಂದ ಲ್ಯಾಬಿನವ. "ಇದೇನ್ ತಂಬಿಗಿ ಅಲ್ರಿ, ಮೂರು ತಗೊಂಡ್ರ ಒಂದು ಪುಕಟ ಕೊಡ್ಲಾಕ!"

"ಹಂಗಾದ್ರ ಗೋಡಂಬಿ ಒಂದೇ ನೋಡ್ರಿ. ಪಿಸ್ತಾ ನಮ್ಮ ಕಡಿ ಯಾರ್ ತಿಂತಾರ?"

ವರದಿ ಬಂತು: ಗೋಡಂಬಿಯೇ ಕಳ್ಳ! ಒಂದೇ ಏಟಿಗೆ ಹಿಡಿದೆನೆಂದು ಮೀಸೆ ತಿರುವಿದೆ.

ರಮಜಾನ್ ಹಬ್ಬಕ್ಕೆ ಪಕ್ಕದ ಮನೆಯವರು ತಮ್ಮ ಮನೆಗೆ ಕರೆದು, ತುಂಬಿದ ನೆಂಟರ ನಡುವೆ ಶೀರ್‌ಖುರ್ಮಾ ಪಾಯಸ ಕೊಟ್ಟರು. ಬಟ್ಟಲು ಹಿಡಿದು ಅತ್ತೆ ಕೇಳಿದಳು: "ತಮ್ಮಾ, ಗೋಡಂಬಿ ಇಲ್ಲಂತ. ಪಿಸ್ತಾ ಅದ. ನಡಿತದೇನು?"

ಅಷ್ಟು ಜನರೆದುರು ಜಿಪುಣತನ ಒಪ್ಪಿಕೊಳ್ಳಲೇ? "ನಡಿತದ ಅತ್ತಿ, ಎಲ್ಲಾ ನೋಡಿಸೀನಿ!"

ಅರ್ಧ ಬಟ್ಟಲು ಮುಗಿಯುವುದರೊಳಗೆ ಆಕೆಯ ಗಂಟಲು ಬಿಗಿಯಿತು. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆ. ಸೂಜಿ ಚುಚ್ಚಿ, ಉಸಿರು ಸರಿಯಾದ ಮೇಲೆ ಡಾಕ್ಟರು ಗದರಿದರು: "ಗೋಡಂಬಿ ಆಗದವ್ರಿಗೆ ಪಿಸ್ತಾನೂ ಭಾಳ ಸಲ ಆಗಂಗಿಲ್ಲ. ತಿನ್ರಿ ಅಂತ ಯಾರ್ ಹೇಳಿದ್ರು?"



"ಯಾರೂ ಇಲ್ರಿ. ನಾಲಿಗಿ ಚಪಲ ನಂದೇ," ಎಂದಳು ಅತ್ತೆ.

ಲ್ಯಾಬಿನಲ್ಲಿ ನಾನು ಚೌಕಾಸಿ ಮಾಡುವಾಗ ಆಕೆ ಪಕ್ಕದ ಬೆಂಚಿನ ಮೇಲೆಯೇ ಕೂತು ಎಲ್ಲ ಕೇಳಿದ್ದಳು! ಡಾಕ್ಟರು ಹೋದ ಮೇಲೆ ಮೆಲ್ಲಗೆ ಕೇಳಿದೆ, "ಗೊತ್ತಿದ್ದೂ ಯಾಕ ತಿಂದಿ ಅತ್ತಿ?"

"ಆಮ್ಯಾಲ ನೀ ಉಳಿದವೂ ನೋಡಿಸಿರಬೇಕು ಅನ್ಕೊಂಡೆಪ್ಪಾ."

ನನ್ನ ಸಲಹೆ ಇಷ್ಟೇ: ಡಾಕ್ಟರು ಬರೆದುಕೊಟ್ಟ ಪರೀಕ್ಷೆಗಳಲ್ಲಿ ಒಂದನ್ನೂ ಬಿಡಬೇಡಿ. ಬಿಟ್ಟಿದ್ದರೆ, ಬಟ್ಟಲು ತಿನ್ನುವವರ ಬಾಯಿಗೆ ಹೋಗುವ ಮೊದಲೇ "ನೋಡಿಸಿಲ್ಲ" ಅಂದುಬಿಡಿ.