ಎಲ್ಲರ ನಾಡಿಯೂ ಎಪ್ಪತ್ತೆರಡು

ಮೂರ್ಛೆರಾಯ ಆ ಬೆಳಿಗ್ಗೆ ನುಂಗಿದ್ದು ಒಂದೇ ಒಂದು ಮಾತ್ರೆ. ಫಿಸಿಯಾಲಜಿ ಪರೀಕ್ಷೆಯಲ್ಲಿ ಹಿಂದೆ ಎರಡು ಸಲ ಪರೀಕ್ಷಕರ ಎದುರೇ ದೊಪ್ಪನೆ ಬಿದ್ದಿದ್ದರಿಂದ ಸಹಪಾಠಿಗಳು ಕೊಟ್ಟ ಬಿರುದು ಆ ಹೆಸರು. ಈಗ ಕೊನೆಯ ಅವಕಾಶ. ಈ ಸಲ ಫೇಲಾದರೆ ಡಾಕ್ಟರಾಗುವ ಕನಸಿಗೆ ಎಳ್ಳುನೀರು.

ಮಾತ್ರೆ ಕೊಟ್ಟವಳು ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲೇ ನರ್ಸ್ ಆಗಿದ್ದ ಅವನ ಅಕ್ಕ. "ಎದೆಬಡಿತ ಇಳಿಸೋ ಮಾತ್ರೆ ಕಣೋ. ನುಂಗು, ಬಂಡೆ ಥರ ನಿಲ್ತೀಯ. ಯಾರಿಗೂ ಹೇಳ್ಬೇಡ," ಎಂದಿದ್ದಳು.

ಆ ಕಾಲೇಜಿನಲ್ಲೊಂದು ರೂಢಿ. ತರಗತಿಯಲ್ಲಿ ಒಬ್ಬರ ನಾಡಿಯನ್ನು ಇನ್ನೊಬ್ಬರು ಎಣಿಸಬೇಕು, ಆದರೆ ಎಣಿಸುವವರು ಯಾರು? ಕುಳಿತಾಗ ಎಪ್ಪತ್ತೆರಡು, ಮೆಟ್ಟಿಲು ಹತ್ತಿಳಿದ ಮೇಲೆ ನೂರಿಪ್ಪತ್ತು ಎಂದು ಹಿರಿಯ ವಿದ್ಯಾರ್ಥಿಗಳ ರೆಕಾರ್ಡು ಪುಸ್ತಕ ನೋಡಿ ಬರೆದರೆ ಮುಗಿಯಿತು. ಮೂರ್ಛೆರಾಯನ ನಾಡಿಯೂ ಇಷ್ಟು ದಿನ ಕಾಗದದ ಮೇಲೆ ಹಾಗೆಯೇ ಬಡಿದಿತ್ತು.

ಪರೀಕ್ಷೆಯಲ್ಲಿ ಅವನ ನಾಡಿ ಹಿಡಿಯುವ ಸರದಿ ಅವನ ತರಗತಿಯ ಕನ್ನಡಕದ ಹುಡುಗಿಯೊಬ್ಬಳದು. ಪಾಪ, ಅವಳು ನಿಜವಾಗಿಯೂ ಎಣಿಸಿದಳು. ಮೂರು ನಿಮಿಷ ಮೆಟ್ಟಿಲು ಹತ್ತಿಳಿಸಿ ಮತ್ತೆ ಎಣಿಸಿದಳು.

"ಮೊದಲು ನಲವತ್ತು ಸರ್. ಆಮೇಲೆ ನಲವತ್ನಾಲ್ಕು."

"ಇವನೇನು ಗೋಡೆ ಗಡಿಯಾರನಾ?" ಪರೀಕ್ಷಕರು ಗದರಿದರು. "ನಿಂಗೆ ನಾಡಿ ಎಣಿಸೋಕೂ ಬರಲ್ಲ. ಫೇಲು!"

ಹುಡುಗಿಯ ಕಣ್ಣು ತುಂಬಿತು. ಬಾಯಿ ಮುಚ್ಚಿಕೊಂಡಿದ್ದರೆ ಮೂರ್ಛೆರಾಯ ಪಾರಾಗುತ್ತಿದ್ದ. ಆದರೆ ಕರುಳು ಚುರುಕ್ಕೆಂದಿತು.

"ಅವಳ ಲೆಕ್ಕ ಸರಿ ಸರ್. ನಾನು ಮಾತ್ರೆ ತಗೊಂಡಿದೀನಿ."

ಆ ಮಾತ್ರೆ ಹೃದಯದ ಬಡಿತ ಏರಿಸುವ ಬೀಟಾ ಗ್ರಾಹಕಗಳನ್ನು ಹೇಗೆ ತಡೆಯುತ್ತದೆ, ಹೆದರಿದರೂ ಓಡಿದರೂ ಬಡಿತ ಏಕೆ ಏರುವುದಿಲ್ಲ ಎಂದು ಒಂದಿಷ್ಟೂ ತಡವರಿಸದೆ ವಿವರಿಸಿದ. ಪರೀಕ್ಷಕರು ಪೆನ್ನು ಕೆಳಗಿಟ್ಟರು. "ಬಾಯಿಪಾಠ ಚೆನ್ನಾಗಿದೆ. ಮಾತ್ರೆ ಕೊಟ್ಟಿದ್ದು ಯಾರು?"

ಅಕ್ಕನಿಗೆ ಕರೆ ಹೋಯಿತು. ಅವಳು ಓಡಿ ಬಂದು ಕೈಮುಗಿದಳು.

"ತಮ್ಮನಿಗೆ ಹಾರ್ಟಿನ ಮಾತ್ರೆ ಕೊಡ್ತೀನಾ ಸರ್? ಧೈರ್ಯ ಬರ್ಲಿ ಅಂತ ಸುಳ್ಳು ಹೇಳ್ದೆ. ಅದು ಬರೀ ವಿಟಮಿನ್ನು."

ಪರೀಕ್ಷಕರು ತಾವೇ ಎದ್ದು ಅವನ ಮಣಿಕಟ್ಟು ಹಿಡಿದರು. ಕೈಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು ಬಂತು.

"ನಲವತ್ತು," ಎಂದರು ಮೆಲ್ಲಗೆ. "ಹಿಂದೆ ನೀನು ಬಿದ್ದಾಗ ನಾವೇನು ಮಾಡಿದ್ವಿ?"

"ನೀರು ಚಿಮುಕಿಸಿದ್ರಿ ಸರ್. ಪುಕ್ಕಲ ಅಂದ್ರಿ."

ಇಸಿಜಿ ತೆಗೆದರು. ಹೃದಯದ ಮೇಲಿನ ಕೋಣೆಗಳ ಬಡಿತದ ಸಂದೇಶ ಕೆಳಗಿನ ಕೋಣೆಗಳಿಗೆ ತಲುಪುತ್ತಲೇ ಇರಲಿಲ್ಲ; ಅವನು ಬೀಳುತ್ತಿದ್ದುದೂ ಅದಕ್ಕೇ. ಪೇಸ್‌ಮೇಕರ್ ಹಾಕಲೇಬೇಕು. ಅಕ್ಕ ಮಂಚದ ಅಂಚಿನಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಅವನಿಗೋ ಎಷ್ಟೋ ದಿನದ ನಾಚಿಕೆ ಇಳಿದು ಹಗುರವಾಯಿತು. ತಾನು ಪುಕ್ಕಲನಲ್ಲ.

ಪರೀಕ್ಷಕರು ವಾರ್ಡಿಗೆ ಬಂದು ಬೆನ್ನು ಸವರಿದರು. "ಆ ಹುಡುಗಿ ಪಾಸು. ನಿನ್ನ ಜೀವ ಉಳಿಸಿದಾಳೆ."

"ನನ್ನ ಪರೀಕ್ಷೆ ಸರ್?"

ಅವರು ಮುಖ ಕೆಳಗೆ ಹಾಕಿದರು. "ನಾಡಿ ಯಾಕೆ ಏರಲಿಲ್ಲ ಅನ್ನೋದಕ್ಕೆ ಮಾತ್ರೆ ಕಾರಣ ಅಂದ್ಯಲ್ಲಪ್ಪ. ಉತ್ತರ ತಪ್ಪು."

ಮೂರ್ಛೆರಾಯನ ಎದೆ ಧಸಕ್ಕೆಂದಿತು. ಮಂಚದ ಪಕ್ಕದ ಮಾನಿಟರಿನಲ್ಲಿ ಮಾತ್ರ ನಲವತ್ತು ನಲವತ್ತಾಗಿಯೇ ಇತ್ತು.